ಮಕ್ಕಳಿಗೆ ಗಿಡ್ಡವಾದ ಬಟ್ಟೆ: ಎತ್ತಿಡುವುದೋ, ಕೊಡುವುದೋ, ಕತ್ತರಿಸುವುದೋ?

ಮಕ್ಕಳ ಬಟ್ಟೆ ಹರಿಯುವುದಕ್ಕಿಂತ ಮೊದಲೇ ಗಿಡ್ಡವಾಗುತ್ತದೆ. ಮೊದಲ ವರ್ಷದಲ್ಲಂತೂ ಎರಡು ಮೂರು ತಿಂಗಳಿಗೊಮ್ಮೆ ಅಳತೆ ಬದಲಾಗುತ್ತದೆ. ಹಾಗಾಗಿ ಕಪಾಟಿನಲ್ಲಿ ಗುಡ್ಡೆ ಬೀಳುವುದರಲ್ಲಿ ಹೆಚ್ಚಿನದು ಇನ್ನೂ ಗಟ್ಟಿಯಾಗಿರುವ ಬಟ್ಟೆಯೇ. ಇದನ್ನೇನು ಮಾಡುವುದು ಎಂದು ಕೇಳಿದವರಿಗೆ ಕೌದಿ, ಗೊಂಬೆ, ಚೀಲ, ಕಾಲೊರಸು ಎಂದು ಹತ್ತಾರು ಸಲಹೆ ಬರುತ್ತವೆ. ಸಲಹೆಗಳು ತಪ್ಪಲ್ಲ, ಆದರೆ ಪ್ರತಿಯೊಂದಕ್ಕೂ ಬೇಕಾದ ಬಟ್ಟೆ ಬೇರೆ, ಕೈಕೆಲಸ ಬೇರೆ, ಸಮಯ ಬೇರೆ.

ಶುರು ಮಾಡುವ ಮೊದಲು ಒಂದು ಮಾತು. ಕತ್ತರಿ ಬಿದ್ದ ಅಂಗಿ ಮತ್ತೆ ಅಂಗಿಯಾಗುವುದಿಲ್ಲ. ಆದ್ದರಿಂದ ಇನ್ನೊಂದು ಮಗು ತೊಡಬಹುದಾದ ಬಟ್ಟೆಯನ್ನು ಮೊದಲು ಬೇರೆ ಮಾಡಿ, ಉಳಿದದ್ದರ ಮೇಲೆ ಮಾತ್ರ ಕತ್ತರಿ ಆಡಿಸಿ. ಒಳ್ಳೆಯ ಫ್ರಾಕನ್ನು ಕತ್ತರಿಸಿ ಮೇಜು ಒರೆಸುವ ಬಟ್ಟೆ ಮಾಡುವುದು ಮರುಬಳಕೆಯ ಹೆಸರಿನಲ್ಲಿ ನಡೆಯುವ ನಷ್ಟವೇ ಸರಿ.

ಮೊದಲು ಬಟ್ಟೆಯನ್ನು ಓದಿ

ನೋಡಬೇಕಾದ ಮೊದಲ ಸಂಗತಿ ಬಟ್ಟೆಯಲ್ಲಿ ಎಷ್ಟು ಜೀವ ಉಳಿದಿದೆ ಎಂಬುದು. ಬೆಳಕಿಗೆ ಹಿಡಿದು ಮೊಣಕಾಲು, ಮೊಣಕೈ, ಕೂರುವ ಭಾಗ ನೋಡಿ. ಎಲ್ಲಿ ಬಟ್ಟೆ ತೆಳ್ಳಗಾಗಿದೆಯೋ ಅಲ್ಲಿ ಬೆಳಕು ಹೆಚ್ಚು ಹಾಯುತ್ತದೆ. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಬಲವಾಗಿ ಎಳೆದಾಗ ಚಿಟಪಟ ಸದ್ದು ಬಂದರೆ ನೂಲು ತುಂಡಾಗುತ್ತಿದೆ ಎಂದರ್ಥ. ಅಂಥದ್ದರಿಂದ ಏನು ಹೊಲಿದರೂ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಎಲಾಸ್ಟಿಕ್ ಎಳೆದು ಬಿಟ್ಟಾಗ ಹಿಂದಿನ ಅಳತೆಗೆ ಬರದಿದ್ದರೆ ಅದನ್ನು ಬದಲಿಸಲೇಬೇಕು.

ಎರಡನೆಯದು ನೂಲು. ಒಳಗಿನ ಪಟ್ಟಿಯ ಅಕ್ಷರ ಅಳಿಸಿಹೋಗಿದ್ದರೆ ಒಂದು ಹನಿ ನೀರು ಹಾಕಿ ನೋಡಿ. ಹಲವು ಸಲ ಒಗೆದ ಹತ್ತಿಯಾದರೆ ನೀರು ಕೂಡಲೇ ಇಂಗುತ್ತದೆ, ಪಾಲಿಯೆಸ್ಟರ್ ಹೆಚ್ಚಿದ್ದರೆ ಹನಿ ಮೇಲೇ ಕೂರುತ್ತದೆ. ಇನ್ನೂ ಅನುಮಾನವಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಡಿ: ಹತ್ತಿ ಸುಟ್ಟ ಕಾಗದದ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿದ ದಾರವನ್ನಲ್ಲ, ಬಟ್ಟೆಯ ಎಳೆಯನ್ನೇ ಸುಡಬೇಕು. ಹತ್ತಿ ಬಟ್ಟೆಗೂ ಪಾಲಿಯೆಸ್ಟರ್ ದಾರದ ಹೊಲಿಗೆ ಇರುವುದು ಸಾಮಾನ್ಯ.

ಮೂರನೆಯದು ನೇಯ್ದದ್ದೋ, ಬನಿಯನ್ನಿನಂತೆ ಹೆಣೆದದ್ದೋ ಎಂಬುದು. ಫ್ರಾಕು, ಶರ್ಟು, ಜೀನ್ಸು ನೇಯ್ದ ಬಟ್ಟೆ. ಇವು ಹಿಗ್ಗುವುದಿಲ್ಲ, ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡುತ್ತವೆ. ಟೀ ಶರ್ಟು, ಲೆಗ್ಗಿಂಗ್ಸು, ಕೂಸುಗಳ ಬಾಡಿಸೂಟು ಹೆಣೆದ ಬಟ್ಟೆ. ಹಿಗ್ಗುತ್ತವೆ, ಅಂಚು ಎಳೆ ಬಿಡುವುದಿಲ್ಲ, ಬದಲಿಗೆ ಸುರುಳಿಯಾಗುತ್ತದೆ. ಹೊಲಿಗೆಯಲ್ಲಿ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಎಂದು ತಿಳಿದು ಜೋಡಿಸುವುದರಿಂದ ಬರುತ್ತವೆ.

ನಾಲ್ಕನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಮಕ್ಕಳ ಬಟ್ಟೆಯಲ್ಲಿ ಬಟ್ಟೆ ತೀರಾ ಕಡಿಮೆ. ಆರು ತಿಂಗಳ ಕೂಸಿನ ಅಂಗಿಯ ಎದೆಭಾಗದಲ್ಲಿ ಸಪಾಟಾಗಿ ಸಿಗುವುದು ಸುಮಾರು 18 × 20 ಸೆಂ.ಮೀ. ಮೂರು ವರ್ಷದ ಮಗುವಿನ ಟೀ ಶರ್ಟಿನಲ್ಲಿ 25 × 25 ಸೆಂ.ಮೀ. ದೊಡ್ಡವರ ಬಟ್ಟೆಗೆಂದು ಹೇಳಿದ ಉಪಾಯಗಳು ಇಲ್ಲಿ ಸೋಲುವುದು ಇದೇ ಕಾರಣಕ್ಕೆ. ತುಂಡು ಚಿಕ್ಕದಿದ್ದರೂ ನಡೆಯುವ ಕೆಲಸವನ್ನೇ ಆರಿಸಬೇಕು.

ಕೊನೆಗೆ ನಿಮ್ಮ ಕೈ. ಸೂಜಿದಾರ ಮಾತ್ರ ಇದೆಯೇ, ಯಂತ್ರವಿದೆಯೇ, ಒಂದು ಸಂಜೆ ಸಿಗುತ್ತದೆಯೇ, ತಿಂಗಳುಗಟ್ಟಲೆ ಬಿಡುವಿದೆಯೇ? ಈ ಐದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದು ದಾರಿಯನ್ನೂ ತೂಗೋಣ.

ಹಾಗೆಯೇ ಇನ್ನೊಂದು ಮಗುವಿಗೆ

ಖರ್ಚಿಲ್ಲದ, ಬಟ್ಟೆಗೆ ಅತಿ ಹೆಚ್ಚು ಆಯುಸ್ಸು ಕೊಡುವ ದಾರಿ ಇದು. ಆದರೆ ತಮ್ಮನಿಗೋ ತಂಗಿಗೋ ಎಂದು ಎಲ್ಲವನ್ನೂ ಎತ್ತಿಡುವುದು ಲಾಭವಲ್ಲ. ಅಳತೆ ಸರಿಹೋದರೆ ಸಾಲದು, ಕಾಲವೂ ಸರಿಹೋಗಬೇಕು. ಮೊದಲ ಮಗು ಚಳಿಗಾಲದಲ್ಲಿ ಆರು ತಿಂಗಳದ್ದಾಗಿದ್ದು, ಎರಡನೆಯದು ಬೇಸಿಗೆಯಲ್ಲಿ ಆ ವಯಸ್ಸಿಗೆ ಬಂದರೆ ಆ ಅಳತೆಯ ಸ್ವೆಟರುಗಳೆಲ್ಲ ವ್ಯರ್ಥ. ಡಬ್ಬಿಯ ಮೇಲೆ ಅಳತೆಯ ಜೊತೆಗೆ ದಪ್ಪದ್ದೋ ತೆಳುವಿನದೋ ಎಂದೂ ಬರೆದಿಡಿ. ಮುಂದಿನ ಮಗು ಯಾವಾಗ ಎಂದು ಗೊತ್ತಿಲ್ಲದಿದ್ದರೆ ಹುಟ್ಟಿದಾಗಿನಿಂದ ಒಂದು ವರ್ಷದವರೆಗಿನದನ್ನು ಮಾತ್ರ ಇಟ್ಟು ಉಳಿದದ್ದನ್ನು ಬಿಡಿ. ಒಂದು ವರ್ಷದ ನಂತರದ ಬಟ್ಟೆ ಹೆಚ್ಚು ಸವೆದಿರುತ್ತದೆ, ಜಾಗವನ್ನೂ ಹೆಚ್ಚು ತಿನ್ನುತ್ತದೆ.

ಎತ್ತಿಟ್ಟದ್ದು ಹಾಳಾಗುವುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಕಲೆಯಿಂದ. ಕೂಸು ಕಕ್ಕಿದ ಹಾಲು ಒಗೆದಾಗ ಹೋದಂತೆ ಕಂಡರೂ ಜಿಡ್ಡು, ಪ್ರೋಟೀನಿನ ಅಂಶ ಉಳಿದಿದ್ದರೆ ತಿಂಗಳುಗಳ ನಂತರ ಗಾಳಿಗೆ ಹಳದಿಯಾಗುತ್ತದೆ. ಎತ್ತಿಡುವ ಮುನ್ನ ಹತ್ತಿ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಇರುವ ಕಲೆಪುಡಿ ಹಾಕಿ ಕೆಲವು ಗಂಟೆ ನೆನೆಸಿ ಒಗೆಯಿರಿ. ಉಣ್ಣೆ, ರೇಷ್ಮೆಗೆ ಇದು ಆಗದು. ಗಂಜಿ ಹಾಕಬೇಡಿ, ಸಿಲ್ವರ್‌ಫಿಶ್ ಹುಳುವಿಗೆ ಅದೇ ಆಹಾರ. ಹೊಲಿಗೆಯ ದಪ್ಪ ಭಾಗವೂ ಒಣಗಿದೆಯೇ ಎಂದು ಮುಟ್ಟಿ ನೋಡಿ, ಒಂಚೂರು ತೇವ ಉಳಿದರೂ ಮುಚ್ಚಿದ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ರಬ್ಬರಿನಂಥ ಚಿತ್ರವಿರುವ ಅಂಗಿಗಳ ನಡುವೆ ಕಾಗದವಿಡಿ, ಸೆಕೆಗೆ ಒಂದಕ್ಕೊಂದು ಅಂಟುತ್ತವೆ. ಕೂಸಿನ ಬಟ್ಟೆಗೆ ನುಸಿಗುಳಿಗೆ ಬೇಡವೇ ಬೇಡ: ನ್ಯಾಫ್ತಲೀನ್ ಆವಿ ಬಟ್ಟೆಯಲ್ಲಿ ಉಳಿಯುತ್ತದೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಬೇರೆಯವರಿಗೆ ಕೊಡುವಾಗ ಒಂದೊಂದು ಅಳತೆಯದನ್ನು ಒಂದೊಂದು ಕಟ್ಟಾಗಿ ಕಟ್ಟಿ. ಬಿಡಿಬಿಡಿಯಾಗಿ ತುಂಬಿದ ಮೂಟೆಯನ್ನು ಪಡೆದವರಿಗೆ ಅದು ಇನ್ನೊಂದು ಕೆಲಸವಷ್ಟೇ. ಗುಂಡಿ ಬಿದ್ದಿದ್ದರೆ ಹಾಕಿಸಿ, ಜಿಪ್ ಎಳೆದು ನೋಡಿ. ಟೋಪಿ ಅಥವಾ ಕತ್ತಿನಲ್ಲಿ ಲಾಡಿಯಿದ್ದರೆ ಎಳೆದು ತೆಗೆದುಬಿಡಿ. ಯುರೋಪಿನ ಇಎನ್ 14682 ಮಾನದಂಡ 7 ವರ್ಷದೊಳಗಿನವರ ಉಡುಪಿನಲ್ಲಿ ಅಲ್ಲಿ ಲಾಡಿ ಇರಲೇಬಾರದು ಎನ್ನುತ್ತದೆ, ಆಟದ ಸಲಕರಣೆಗೆ ಸಿಕ್ಕಿ ಕುತ್ತಿಗೆ ಬಿಗಿಯುವ ಅಪಾಯವಿದೆ. ಒಳಉಡುಪು, ಕಲೆಯಾದದ್ದು, ಹರಿದದ್ದನ್ನು ಕೊಡಬೇಡಿ. ಮಾರುವ ಯೋಚನೆಯಿದ್ದರೆ ಒಂದೆರಡು ಸಲವಷ್ಟೇ ತೊಟ್ಟ ಸಮಾರಂಭದ ಉಡುಪು, ದಪ್ಪ ಕೋಟು, ಉಣ್ಣೆಯವು ಮಾತ್ರ ಅದಕ್ಕೆ ಹಾಕುವ ಶ್ರಮವನ್ನು ತೀರಿಸುತ್ತವೆ.

ಅದೇ ಮಗುವಿಗೆ ಇನ್ನೊಂದು ವರ್ಷ

ಹೊಲಿಗೆ ಅಷ್ಟಾಗಿ ಬಾರದವರಿಗೂ ಫಲ ಕೊಡುವ ದಾರಿ ಇದು. ಮಕ್ಕಳು ಉದ್ದಕ್ಕೆ ಬೆಳೆದಷ್ಟು ಬೇಗ ಸೊಂಟದಲ್ಲಿ ಬೆಳೆಯುವುದಿಲ್ಲ, ಆದ್ದರಿಂದ ಗಿಡ್ಡವಾದ ಪ್ಯಾಂಟು ಚಡ್ಡಿಯಾಗಿ ಬಹಳ ದಿನ ಬರುತ್ತದೆ. ಮೊಣಕಾಲಿನಲ್ಲಿ ಹರಿದಿದ್ದರಂತೂ ಕತ್ತರಿ ಬೀಳುವ ಜಾಗ ಅದೇ. ಬೇಕಾದ ಉದ್ದಕ್ಕೆ 3 ಸೆಂ.ಮೀ. ಸೇರಿಸಿ ಕತ್ತರಿಸಿ, 1 ಸೆಂ.ಮೀ. ಒಳಗೆ ಮಡಿಸಿ, ಮತ್ತೆ 2 ಸೆಂ.ಮೀ. ಮಡಿಸಿ ಹೊಲಿಯಿರಿ. ಆದರೆ ಮೊದಲು ಮಗುವನ್ನು ಕುಕ್ಕರುಗಾಲಿನಲ್ಲಿ ಕೂರಿಸಿ ನೋಡಿ. ಸೊಂಟದಿಂದ ತೊಡೆಯ ಸಂದಿನವರೆಗಿನ ಭಾಗ ಬಿಗಿಯುತ್ತಿದ್ದರೆ ಕಾಲು ಕತ್ತರಿಸಿ ಪ್ರಯೋಜನವಿಲ್ಲ.

ಫ್ರಾಕಿನಲ್ಲಿ ಮೊದಲು ಬಿಗಿಯುವುದು ಕಂಕುಳು. ಅಲ್ಲಿ ಸಡಿಲವಿದ್ದು ಉದ್ದ ಮಾತ್ರ ಕಡಿಮೆಯಾಗಿದ್ದರೆ ಲೆಗ್ಗಿಂಗ್ಸಿನ ಮೇಲೆ ತೊಡಿಸಿದರಾಯಿತು, ಹೊಲಿಯುವ ಕೆಲಸವೇ ಇಲ್ಲ. ಕಂಕುಳೇ ಬಿಗಿಯಾಗಿದ್ದರೆ ಸೊಂಟದ ಹೊಲಿಗೆಯ ಕೆಳಗೆ ಕತ್ತರಿಸಿ ಲಂಗ ಮಾಡಿ: ಮೇಲಂಚನ್ನು 1 ಸೆಂ.ಮೀ., ಆಮೇಲೆ 2.5 ಸೆಂ.ಮೀ. ಮಡಿಸಿ ಹೊಲಿದು, 2 ಸೆಂ.ಮೀ. ಅಗಲದ ಎಲಾಸ್ಟಿಕ್ ತೂರಿಸಿ. ಎಲಾಸ್ಟಿಕಿನ ಉದ್ದ ಮಗುವಿನ ಸೊಂಟಕ್ಕಿಂತ 3ರಿಂದ 5 ಸೆಂ.ಮೀ. ಕಡಿಮೆ ಇರಲಿ. ಮಡಿಕೆ ಬಿಚ್ಚಿ ಉದ್ದ ಮಾಡುವುದು ಸುಲಭವೆನಿಸುತ್ತದೆ, ಆದರೆ ಹಳೆಯ ಮಡಿಕೆಯ ಗೆರೆಯಲ್ಲಿ ಬಣ್ಣ ಸವೆದಿದ್ದರೆ ಅದು ಇಸ್ತ್ರಿಗೂ ಹೋಗುವುದಿಲ್ಲ, ಒಗೆತಕ್ಕೂ ಹೋಗುವುದಿಲ್ಲ. ಗೆರೆಯ ಮೇಲೆ ಒಂದು ಪಟ್ಟಿಯೋ ಲೇಸೋ ಹೊಲಿದು ಮುಚ್ಚಬೇಕು.

ತೋಳು ಗಿಡ್ಡವಾದ ಸ್ವೆಟ್‌ಶರ್ಟಿಗೆ ಹಳೆ ಟೀ ಶರ್ಟಿನಿಂದ ಪಟ್ಟಿ ಜೋಡಿಸಬಹುದು. ಪಟ್ಟಿಯ ಸುತ್ತಳತೆ ತೋಳಿನ ಬಾಯಿಗಿಂತ ಶೇ. 10–15ರಷ್ಟು ಕಡಿಮೆ ಇದ್ದು, ಹೊಲಿಯುವಾಗ ಅದನ್ನು ಮಾತ್ರ ಹಿಗ್ಗಿಸಿ ಕೂರಿಸಬೇಕು. ಸಮ ಅಳತೆಯಲ್ಲಿ ಕತ್ತರಿಸಿದರೆ ತೋಳಿನ ಬಾಯಿ ಗಂಟೆಯಂತೆ ಅಗಲವಾಗುತ್ತದೆ.

ಕೌದಿ: ನೆನಪಿಗೆ ಒಳ್ಳೆಯದು, ಸಮಯಕ್ಕೆ ದುಬಾರಿ

ಎಲ್ಲರ ಕಣ್ಣೂ ಇದರ ಮೇಲೆ. ಚಿಕ್ಕ ತುಂಡುಗಳೇ ಸಾಕಾಗುವುದರಿಂದ ಮಕ್ಕಳ ಬಟ್ಟೆಗೆ ನಿಜಕ್ಕೂ ಹೇಳಿಮಾಡಿಸಿದ್ದು. ಆದರೆ ಅರ್ಧಕ್ಕೆ ನಿಂತು ಮೂಲೆ ಸೇರುವುದೂ ಇದೇ ಹೆಚ್ಚು. ಎರಡು ಬಗೆಯಲ್ಲಿ ಮಾಡಬಹುದು.

ಒಂದು, ಯಂತ್ರದಲ್ಲಿ ಚೌಕ ಜೋಡಿಸುವುದು. 90 × 120 ಸೆಂ.ಮೀ. ಹೊದಿಕೆಗೆ 15 ಸೆಂ.ಮೀ. ಚೌಕಗಳು 48 ಬೇಕು, ಅಂದರೆ ಆರು ಸಾಲು ಎಂಟು. ಒಂದು ಅಂಗಿಯ ಮುಂದೊಂದು ಹಿಂದೊಂದು ಎಂದು ಹಿಡಿದರೂ 24 ಅಂಗಿ. ಪ್ರತಿ ಬದಿಗೆ 0.75 ಸೆಂ.ಮೀ. ಹೊಲಿಗೆಗೆ ಬಿಟ್ಟು 16.5 ಸೆಂ.ಮೀ.ಗೆ ಕತ್ತರಿಸಬೇಕು. ಅಷ್ಟು ಬಟ್ಟೆ ಇಲ್ಲದವರು ಚೌಕಗಳ ನಡುವೆ ಮತ್ತು ಸುತ್ತ 5 ಸೆಂ.ಮೀ. ಅಗಲದ ಸಾದಾ ಪಟ್ಟಿ ಕೊಡಲಿ: ನಾಲ್ಕು ಸಾಲು ಐದು, ಒಟ್ಟು 20 ಚೌಕದಲ್ಲೇ 85 × 105 ಸೆಂ.ಮೀ. ಆಗುತ್ತದೆ, ನೋಡಲೂ ಗಿಜಿಗಿಜಿ ಎನಿಸುವುದಿಲ್ಲ.

ಬನಿಯನ್ ಬಟ್ಟೆಯ ಚೌಕಕ್ಕೆ ಹಿಂಬದಿಯಲ್ಲಿ ಇಸ್ತ್ರಿಯ ಬಿಸಿಗೆ ಅಂಟುವ ತೆಳು ಫ್ಯೂಸಿಂಗ್ ಹಚ್ಚಲೇಬೇಕು, ಇಲ್ಲದಿದ್ದರೆ ಹೊಲಿಯುವಾಗ ಹಿಗ್ಗಿ ಚೌಕ ಚೌಕವಾಗಿ ಉಳಿಯುವುದಿಲ್ಲ. ಮೊದಲು 18 ಸೆಂ.ಮೀ. ತುಂಡಿಗೆ ಅಂಟಿಸಿ, ಆರಿದ ಮೇಲೆ 16.5ಕ್ಕೆ ಕತ್ತರಿಸಿ; ಕ್ರಮ ತಿರುಗಿಸಿದರೆ ಅಳತೆ ತಪ್ಪುತ್ತದೆ. 48 ತುಂಡಿಗೆ 90 ಸೆಂ.ಮೀ. ಅಗಲದ ಫ್ಯೂಸಿಂಗ್ ಸುಮಾರು ಎರಡು ಮೀಟರ್ ಹಿಡಿಯುತ್ತದೆ. ಇಸ್ತ್ರಿಯನ್ನು ಉಜ್ಜಬೇಡಿ, ಒತ್ತಿ ಎತ್ತಿ. ಚಿತ್ರ ಮುದ್ರಿಸಿದ ಬದಿಗೆ ಇಸ್ತ್ರಿ ನೇರವಾಗಿ ತಾಗಿದರೆ ಬಣ್ಣ ಕರಗಿ ತಳಕ್ಕೆ ಅಂಟುತ್ತದೆ. ಸೂಜಿಯಾದರೆ ಹೆಣೆದ ಬಟ್ಟೆಗೆಂದೇ ಇರುವ ಮೊಂಡುತುದಿಯದು ಬೇಕು, ಅಳತೆ 75/11 ಅಥವಾ 80/12. ಹೊಲಿಗೆಯ ಉದ್ದ 2.5 ಮಿ.ಮೀ.

ಇನ್ನೊಂದು, ಕೈಯಲ್ಲಿ ಹಾಕುವ ಕೌದಿ. ಹಳೆಯ ಹಾಸುಬಟ್ಟೆಯೊಂದನ್ನು ತಳಕ್ಕೆ ಹಾಸಿ, ಮೇಲೊಂದೆರಡು ಪದರ ಹಳೆ ಬಟ್ಟೆ, ಅದರ ಮೇಲೆ ತುಂಡುಗಳನ್ನು 2 ಸೆಂ.ಮೀ.ನಷ್ಟು ಒಂದರ ಮೇಲೊಂದು ಬರುವಂತೆ ಅಂಚು ಮಡಿಸಿ ಇಟ್ಟು, ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಆಮೇಲೆ ಹೊರ ಅಂಚಿನಿಂದ ಒಳಕ್ಕೆ ಒಂದೂವರೆ ಎರಡು ಸೆಂ.ಮೀ. ಅಂತರದಲ್ಲಿ ಓಟದ ಹೊಲಿಗೆ. ತುಂಡು ಯಾವ ಆಕಾರದ್ದಾದರೂ ನಡೆಯುತ್ತದೆ, ಫ್ಯೂಸಿಂಗ್ ಬೇಡ, ಕಾಲರು ಜೇಬುಗಳೂ ಹಾಗೆಯೇ ಕೂರುತ್ತವೆ. ಖರ್ಚೆಂದರೆ ದಾರದ್ದು ಮಾತ್ರ. ಬೆಲೆ ತೆರುವುದು ಸಮಯದಲ್ಲಿ: ಯಂತ್ರದ್ದು ಕೆಲವು ರಜಾದಿನಗಳಲ್ಲಿ ಮುಗಿದರೆ ಇದಕ್ಕೆ ತಿಂಗಳುಗಳು ಬೇಕು. ನಾಲ್ಕು ಪದರ ದಾಟಬೇಡಿ. ದಾಟಿದರೆ ಸೂಜಿ ಎಳೆಯಲು ಬೆರಳು ನೋಯುತ್ತದೆ, ಒಗೆದದ್ದು ಒಣಗುವುದೂ ಇಲ್ಲ.

ಎರಡರಲ್ಲೂ ಕೆಡುವುದು ಒಂದೇ ಕಡೆ. ಜೀನ್ಸಿನ ಪಕ್ಕ ತೆಳು ಹತ್ತಿ ಬಂದರೆ ಗಟ್ಟಿಯಾದದ್ದು ಎಳೆದು ತೆಳುವಾದದ್ದು ಹರಿಯುತ್ತದೆ. ಕಡುಗೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡದೆ ಜೋಡಿಸಿದರೆ ಮೊದಲ ಒಗೆತದಲ್ಲೇ ಬಿಳಿ ಚೌಕಗಳು ಬಣ್ಣ ಹಿಡಿಯುತ್ತವೆ. ಇನ್ನೊಂದು ಮಾತು: ಒಂದು ವರ್ಷದೊಳಗಿನ ಕೂಸು ಮಲಗುವಲ್ಲಿ ಸಡಿಲ ಹೊದಿಕೆ ಇರಬಾರದೆಂಬುದು ಮಕ್ಕಳ ವೈದ್ಯರ ಸಲಹೆ. ಹೊಸ ಕೂಸಿಗೆಂದು ಹೊಲಿದದ್ದು ಅಲ್ಲಿಯವರೆಗೆ ನೆಲದ ಮೇಲೆ ಆಡುವ ಹಾಸಾಗಿರಲಿ.

ಗೊಂಬೆ, ಚೀಲ, ಕಾಲೊರಸು

ಗೊಂಬೆಗೆ ಒಂದೇ ಅಂಗಿ ಸಾಕು. ನೆನಪಿಗಾಗಿ ಕೌದಿಯೇ ಬೇಕೆಂದು ಹೊರಟವರಲ್ಲಿ ಅನೇಕರಿಗೆ ನಿಜವಾಗಿ ಹೊಂದುವುದು ಇದು. ಮೂರು ವರ್ಷದೊಳಗಿನ ಮಗುವಿಗಾದರೆ ಗುಂಡಿಯ ಕಣ್ಣು ಬೇಡ, ದಾರದಲ್ಲೇ ಕಸೂತಿ ಹಾಕಿ. ಅಮೆರಿಕದ ಸುರಕ್ಷತಾ ನಿಯಮ 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಹಿಡಿಸುವ ಯಾವುದೇ ಬಿಡಿಭಾಗವನ್ನು ಉಸಿರುಗಟ್ಟಿಸುವ ವಸ್ತು ಎಂದೇ ಎಣಿಸುತ್ತದೆ. ಅಂಗಿಯ ಗುಂಡಿಗಳೆಲ್ಲ ಅದರೊಳಗೆ ಬರುತ್ತವೆ. ಹೊಲಿಗೆ 2 ಮಿ.ಮೀ. ಉದ್ದದಲ್ಲಿ ಎರಡು ಸುತ್ತು. ಒಳಗೆ ಚಿಂದಿ ತುಂಬಿದರೆ ಗೊಂಬೆ ಭಾರವಾಗಿ ಗಂಟುಗಂಟಾಗುತ್ತದೆ, ಒಗೆದರೆ ಒಳಗೆ ತೇವ ನಿಂತು ವಾಸನೆ ಬರುತ್ತದೆ. ಇಲ್ಲಿ ಮಾತ್ರ ಪಾಲಿಯೆಸ್ಟರ್ ಫೈಬರ್ ಕೊಳ್ಳುವುದೇ ಮೇಲು.

ಚೀಲಕ್ಕೆ ನೇಯ್ದ ಬಟ್ಟೆ. ಪ್ಯಾಂಟಿನ ಕಾಲು ಎಂದರೆ ಎರಡು ಬದಿ ಹೊಲಿದಿರುವ ಚೀಲವೇ: 22 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ತಳ ಹೊಲಿದು ಬಾಯಿಗೆ ಜಿಪ್ ಹಾಕಿದರೆ ಪೆನ್ಸಿಲ್ ಚೀಲ. ಟೀ ಶರ್ಟಿನ ಚೀಲ ಭಾರ ಹಾಕಿದಂತೆ ಜೋತು ಬೀಳುತ್ತದೆ, ಒಣ ಬಟ್ಟೆ ತುಂಬಲಷ್ಟೇ ಸರಿ.

ಟೀ ಶರ್ಟನ್ನು ಪಟ್ಟಿಯಾಗಿ ಕತ್ತರಿಸಿ ಕಾಲೊರಸು ಹೆಣೆಯುವ ಸಲಹೆ ಎಲ್ಲ ಕಡೆ ಇದೆ. ಲೆಕ್ಕ ಹಾಕಿ ನೋಡಿ. ಸುತ್ತಳತೆ 50 ಸೆಂ.ಮೀ., ಕಂಕುಳಿನ ಕೆಳಗೆ 28 ಸೆಂ.ಮೀ. ಇರುವ ಅಂಗಿಯಿಂದ 2 ಸೆಂ.ಮೀ. ಪಟ್ಟಿ ಕತ್ತರಿಸಿದರೆ ಸಿಗುವುದು 7 ಮೀಟರ್. ತೂಕ 20–25 ಗ್ರಾಂ. 40 × 60 ಸೆಂ.ಮೀ. ದಪ್ಪನೆಯ ಕಾಲೊರಸಿಗೆ ಅರ್ಧ ಕಿಲೋಗಿಂತ ಹೆಚ್ಚು ಬೇಕು. ಅಂದರೆ ಇಪ್ಪತ್ತಕ್ಕೂ ಹೆಚ್ಚು ಅಂಗಿ! ಬದಿಯಲ್ಲಿ ಹೊಲಿಗೆ ಇದ್ದರೆ ಪಟ್ಟಿ ಅಲ್ಲಲ್ಲೇ ಕಡಿಯುತ್ತದೆ ಕೂಡ. ದೊಡ್ಡವರ ನಾಲ್ಕೈದು ಟೀ ಶರ್ಟು ಬೆರೆಸುವುದಾದರೆ ಮಾತ್ರ ಇದಕ್ಕೆ ಕೈ ಹಾಕಿ.

ಒರೆಸುವ ಬಟ್ಟೆ

ಸವೆದ ಹತ್ತಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಹೊಸ ಬಟ್ಟೆಗಿಂತ ಚೆನ್ನಾಗಿ ನೀರು ಹೀರುತ್ತದೆ, ಅಂಗೈಯಗಲದ ತುಂಡೇ ಸಾಕು. ಬನಿಯನ್ ಬಟ್ಟೆಗೆ ಅಂಚು ಹೊಲಿಯಬೇಕಿಲ್ಲ. 20 ಸೆಂ.ಮೀ. ಚೌಕ ಕತ್ತರಿಸಿ, ದಪ್ಪ ಹೊಲಿಗೆ, ಗುಂಡಿ, ರಬ್ಬರ್ ಚಿತ್ರ ತೆಗೆದುಬಿಡಿ, ಇವು ಗಾಜು, ಪಾತ್ರೆಗಳಲ್ಲಿ ಗೀರು ಬೀಳಿಸುತ್ತವೆ. ಒಗೆಯುವಾಗ ಸಾಫ್ಟ್‌ನರ್ ಹಾಕಿದರೆ ಹೀರುವ ಗುಣ ಕುಗ್ಗುತ್ತದೆ. ಪಾಲಿಯೆಸ್ಟರ್ ಹೆಚ್ಚಿರುವುದನ್ನು ಮಸಿಬಟ್ಟೆಯಾಗಿ ಬಳಸಲೇಬೇಡಿ, ಕಾದ ಪಾತ್ರೆಗೆ ಕರಗಿ ಕೈಗೆ ಅಂಟೀತು. ಅದನ್ನು ಧೂಳು ಒರೆಸಲು ಇಡಿ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುಡಿ ಎಸೆಯಬಾರದು; ಎಣ್ಣೆ ಗಾಳಿಯೊಂದಿಗೆ ಬೆರೆತು ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಯಲಲ್ಲಿ ಹರವಿ ಒಣಗಿಸಿ ಆಮೇಲೆ ಬಿಸಾಡಿ.

ಯಾರಿಗೆ ಯಾವುದು

ಬಿಡುವೂ ಇಲ್ಲ, ಹೊಲಿಗೆಯೂ ಬಾರದು ಎನ್ನುವವರು ಗುಡ್ಡೆಯನ್ನು ಎರಡೇ ಪಾಲು ಮಾಡಿ: ತೊಡಬಹುದಾದದ್ದು ಅಳತೆವಾರು ಕಟ್ಟಾಗಿ ಹೊರಗೆ, ಉಳಿದ ಹತ್ತಿ ಒರೆಸುವ ಬಟ್ಟೆಗೆ. ಒಂದು ಸಂಜೆಯ ಕೆಲಸ, ಕತ್ತರಿಯೊಂದೇ ಸಾಧನ. ಹಣ ಉಳಿಸುವುದೇ ಮುಖ್ಯವಾದರೆ ಅದೇ ಮಗುವಿಗೆ ಚಡ್ಡಿ, ಲಂಗ ಮಾಡುವುದನ್ನು ಯಾವ ಕೌದಿಯೂ ಮೀರಿಸುವುದಿಲ್ಲ, ಏಕೆಂದರೆ ಅದು ಹೊಸ ಬಟ್ಟೆಯೊಂದನ್ನು ಕೊಳ್ಳುವುದನ್ನೇ ತಪ್ಪಿಸುತ್ತದೆ. ಯಂತ್ರವಿದ್ದು 20 ಅಂಗಿ ಕೂಡಿದ್ದರೆ ಪಟ್ಟಿಯ ಚೌಕದ ಹೊದಿಕೆ. ಯಂತ್ರವಿಲ್ಲದೆ ತಾಳ್ಮೆ ಇದ್ದರೆ ಕೈ ಕೌದಿ. ನಾಲ್ಕೈದೇ ಅಂಗಿಗಳ ಮೇಲೆ ಮನಸ್ಸಿದ್ದರೆ ಗೊಂಬೆ. ಅವುಗಳಲ್ಲೂ ಆಸ್ಪತ್ರೆಯಿಂದ ಮನೆಗೆ ಬಂದಾಗ ತೊಟ್ಟದ್ದಿದ್ದರೆ ಅದಕ್ಕೆ ಕತ್ತರಿ ಹಾಕದೆ ಆಮ್ಲರಹಿತ ಕಾಗದದಲ್ಲಿ ಸುತ್ತಿ ಬೆಳಕು ಬೀಳದ ಕಡೆ ಇಡಿ, ಚೌಕಟ್ಟು ಹಾಕಿ ಗೋಡೆಗೆ ತೂಗಿಸಿದರೆ ಬಿಸಿಲಿಗೆ ಬಣ್ಣ ಹೋಗುತ್ತದೆ.

ಎಲ್ಲ ಮುಗಿದ ಮೇಲೂ ಚೂರು ಉಳಿಯುತ್ತದೆ. ಶೇ. 100 ಹತ್ತಿಯ ಚೂರನ್ನು ಎರಡು ಮೂರು ಸೆಂ.ಮೀ. ಗಾತ್ರಕ್ಕೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಹೊಲಿಗೆಯ ಪಟ್ಟಿಗಳನ್ನು ಮೊದಲೇ ಕತ್ತರಿಸಿ ತೆಗೆಯದಿದ್ದರೆ ಪಾಲಿಯೆಸ್ಟರ್ ದಾರ ಕೊಳೆಯದೆ ಗೊಬ್ಬರದ ತುಂಬ ಎಳೆಎಳೆಯಾಗಿ ಸಿಗುತ್ತದೆ. ಗುಂಡಿ ಕೀಳುವಾಗ ಒಂದೇ ಅಂಗಿಯವನ್ನು ದಾರದಲ್ಲಿ ಪೋಣಿಸಿಡಿ, ಜಿಪ್ಪನ್ನು ಎರಡೂ ಬದಿಗೆ 1 ಸೆಂ.ಮೀ. ಬಟ್ಟೆ ಬಿಟ್ಟು ಕತ್ತರಿಸಿ, ಎಲಾಸ್ಟಿಕನ್ನು ಮಾತ್ರ ಎತ್ತಿಡಬೇಡಿ.